ಪಾಲಾಗದ ತಾರಸಿ

ಮೂರು ವರ್ಷದ ಹಿಂದೆ, ಮಾರ್ಚ್ ತಿಂಗಳ ಒಂದು ಬೆಳಗ್ಗೆ, ಹಾಲಿನ ಪ್ಯಾಕೆಟ್ ತರಲು ಕೆಳಗಿಳಿದೆ. ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ಹೊಸ ನೋಟಿಸ್ ಇತ್ತು.

"ತಾರಸಿಯ ಮೇಲೆ ಯಾವುದೇ ವಸ್ತುವನ್ನು ಒಣಗಿಸುವುದು, ಹರಡುವುದು ಅಥವಾ ಶೇಖರಿಸುವುದನ್ನು ನಿಷೇಧಿಸಲಾಗಿದೆ. ತಪ್ಪಿದಲ್ಲಿ ರೂ. 500 ದಂಡ." ಕೆಳಗೆ ನಮ್ಮ ಅಪಾರ್ಟ್‌ಮೆಂಟಿನ ಮಾಲೀಕರ ಸಂಘದ ಸೀಲು, ಸೆಕ್ರೆಟರಿಯವರ ಸಹಿ.

"ಯಾವುದೇ ವಸ್ತು" ಅಂದರೆ ನಮ್ಮ ಅಮ್ಮನ ಕಾಳುಮೆಣಸು. ಅದು ಹದಿನೆಂಟು ಮನೆಗೂ ಗೊತ್ತು. ಹೆಸರು ಹಾಕದೆ ಬರೆದದ್ದು ಸಂಘ ನಮಗೆ ಕೊಟ್ಟ ಮರ್ಯಾದೆ ಅಷ್ಟೇ.

ಮೇಲೆ ಬಂದು ಅಮ್ಮನಿಗೆ ಹೇಳಿದೆ. ಅವಳು ಕಾಫಿ ಲೋಟ ಕೆಳಗಿಟ್ಟು ಕೇಳಿದಳು. "ಹಂಗಾದ್ರೆ ಅಲ್ಲಿ ಬೀಳೋ ಬಿಸಿಲು ಯಾರದ್ದಂತೆ?"

ತಪ್ಪು ನಮ್ಮದೇ ಇತ್ತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೂಡಿಗೆರೆ ಕಡೆಯ ನಮ್ಮ ತೋಟದಿಂದ ಅಣ್ಣ ವರ್ಷಕ್ಕೊಮ್ಮೆ ಎರಡು ಚೀಲ ಹಸಿ ಮೆಣಸು ಕಳಿಸುತ್ತಾನೆ. ಒಣಗಿಸಿಯೇ ಕಳಿಸಬಹುದು. ಆದರೆ ಸೊಸೆಯಂದಿರು ಒಣಗಿಸುವ ರೀತಿ ಅಮ್ಮನಿಗೆ ಒಪ್ಪುವುದಿಲ್ಲ. ಹಾಗಾಗಿ ಕಡ್ಡಿ ಸಮೇತ ಬರುತ್ತದೆ. ಅಮ್ಮ ಅದನ್ನು ಕಾಲಲ್ಲಿ ತುಳಿದು, ಕಾಳು ಬಿಡಿಸಿ, ಚಾಪೆ ಮೇಲೆ ಹರಡುತ್ತಾಳೆ. ಐದಾರು ದಿನ ಒಳ್ಳೆ ಬಿಸಿಲು ಬಿದ್ದರೆ ಹಸಿರು ಕಾಳು ಕಪ್ಪಾಗಿ, ಸುಕ್ಕಾಗಿ, ಅಲ್ಲಾಡಿಸಿದರೆ ಸದ್ದು ಮಾಡುತ್ತದೆ. ಮೂರು ಕೆಜಿ ಹಸಿ ಮೆಣಸಿಗೆ ಒಂದು ಕೆಜಿ ಒಣ ಮೆಣಸು. ಆ ವರ್ಷ ಕಡ್ಡಿಗಳನ್ನು ಮೂಲೆಗೆ ಗುಡಿಸಿ ಇಟ್ಟಿದ್ದೆವು. ಕಾಫಿ ಹೂವಿಗೆ ಬೇಕಾದ ಮಳೆ, ಅದೇ ಹೂಮಳೆ, ಒಂದು ರಾತ್ರಿ ಜೋರಾಗಿ ಬಂತು. ತೋಟದವರೆಲ್ಲ ಖುಷಿಯಾಗಿ ಮಲಗಿದರು. ನಮ್ಮ ಕಡ್ಡಿ ಹೋಗಿ ಮಳೆನೀರಿನ ಪೈಪಿಗೆ ಸಿಕ್ಕಿಕೊಂಡಿತು. ತಾರಸಿಯಲ್ಲಿ ಪಾದ ಮುಳುಗುವಷ್ಟು ನೀರು ನಿಂತು, 303ರ ದೇವರ ಮನೆಯ ಸೂರಿನಲ್ಲಿ ಕಂದು ಬಣ್ಣದ ಕಲೆ ಮೂಡಿತು.

303ರಲ್ಲಿ ಇರುವವರು ನಿವೃತ್ತ ಪಿಯು ಲೆಕ್ಚರರ್. ಎಲ್ಲರೂ ಮೇಷ್ಟ್ರು ಅನ್ನುತ್ತೇವೆ. ನಮ್ಮ ಸಂಘದ ಸೆಕ್ರೆಟರಿಯೂ ಅವರೇ.

ನಾವು ಈ ಫ್ಲಾಟಿಗೆ ಬಂದ ಕಥೆ ಹೇಳದಿದ್ದರೆ ಅಮ್ಮನ ಪ್ರಶ್ನೆ ಅರ್ಥವಾಗುವುದಿಲ್ಲ.

ಅಪ್ಪ ಹೋದ ಮೇಲೆ ತೋಟ ಪಾಲಾಯಿತು. ಅಣ್ಣ, ಇಬ್ಬರು ತಮ್ಮಂದಿರು. ಪಂಚಾಯ್ತಿಗೆ ಊರ ಹಿರಿಯರು ಬಂದರು, ಸರ್ವೆಯವರು ಬಂದರು, ವಕೀಲರು ಬಂದರು. ಎಕರೆ ಮುಗಿದು ಗುಂಟೆಗೆ ಬಂತು, ಗುಂಟೆ ಮುಗಿದು ಸಿಲ್ವರ್ ಮರದ ಲೆಕ್ಕಕ್ಕೆ ಬಂತು. ಕೊನೆಗೆ ಬಚ್ಚಲುಮನೆಯ ತಾಮ್ರದ ಹಂಡೆ ಯಾರಿಗೆ ಎಂದು ಎರಡು ದಿನ ಮಾತು ನಡೆಯಿತು. ಮನೆ ಮುಂದೆ ಕಾಫಿ ಒಣಗಿಸುವ ದೊಡ್ಡ ಕಣ ಇತ್ತು. ತಾತನ ಕಾಲದಲ್ಲಿ ಅದು ಮೂರು ದಾಯಾದಿ ಮನೆಗಳಿಗೂ ಸೇರಿದ್ದ ಕಣ. ಆಗ ಸರದಿ ಇತ್ತು. ಒಬ್ಬರ ಕಾಫಿ ಒಣಗಿ ಚೀಲಕ್ಕೆ ಹೋದ ಮೇಲೆ ಇನ್ನೊಬ್ಬರದು ಹರಡುವುದು. ನಮ್ಮ ಕಾಲಕ್ಕೆ ಸರದಿ ಹೋಗಿ ಗೆರೆ ಬಂತು. ಮೊದಲು ಸುಣ್ಣದ ಗೆರೆ, ಆಮೇಲೆ ಸಿಮೆಂಟ್ ಇಟ್ಟಿಗೆಯ ಸಾಲು. ಅಮ್ಮ ಆ ಕಡೆಯ ಕಿಟಕಿ ತೆಗೆಯುವುದನ್ನೇ ಬಿಟ್ಟಳು.

ನನಗೆ ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ಹಣ ಕೊಟ್ಟರು. ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕರ್ನಾಟಕದಲ್ಲಿ 1994ರಲ್ಲೇ ಕಾನೂನು ಬಂದಿತ್ತು, 2005ರಲ್ಲಿ ಇಡೀ ದೇಶಕ್ಕೆ ಬಂತು. ಅದು ಗೊತ್ತಿದ್ದೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದೆ. ತವರಿನ ಬಾಗಿಲು ತೆರೆದಿರಲಿ ಅಂತ. ಸರಿಯೋ ತಪ್ಪೋ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಆ ಹಣಕ್ಕೆ ಬ್ಯಾಂಕಿನ ಸಾಲ ಸೇರಿಸಿ ಚಿಕ್ಕಮಗಳೂರಲ್ಲಿ ಈ ಫ್ಲಾಟ್ ಕೊಂಡೆ. ಅಮ್ಮ "ಮೂರು ಮನೆ ತಿರುಗಲ್ಲ, ಒಂದು ಕಡೆ ಇರ್ತೀನಿ" ಅಂತ ನನ್ನ ಜೊತೆ ಬಂದಳು.

ಕ್ರಯಪತ್ರ ಓದುವಾಗ ಒಂದು ಮಾತು ಕಣ್ಣಿಗೆ ಬಿತ್ತು. ಅವಿಭಜಿತ ಪಾಲು. ಕಟ್ಟಡ ನಿಂತಿರುವ ಒಂಬತ್ತೂವರೆ ಗುಂಟೆ ಜಾಗದಲ್ಲಿ ನನ್ನದು ಶೇ. 5.4. ಲೆಕ್ಕ ಹಾಕಿದರೆ ಸುಮಾರು 560 ಚದರಡಿ.

"ಎಲ್ಲಿದೆ ಅದು, ತೋರ್ಸು" ಎಂದಳು ಅಮ್ಮ.

"ಇಲ್ಲಿ ಅಂತ ತೋರಿಸಕ್ಕಾಗಲ್ಲ. ಎಲ್ಲಾ ಕಡೆ ಇದೆ."

"ದೇವ್ರ ಥರಾನಾ?"

ಹೌದು, ಹೆಚ್ಚು ಕಡಿಮೆ ದೇವರ ಥರಾನೇ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲಿ ಇದನ್ನು ಬಿಡಿಸಿ ಬರೆದಿದ್ದಾರೆ. ಫ್ಲಾಟಿನ ಒಳಗಿನದು ನಿಮ್ಮದು. ಅಡಿಪಾಯ, ಕಂಬ, ಮೆಟ್ಟಿಲು, ಓಡಾಡುವ ಜಾಗ, ಛಾವಣಿ, ಇವೆಲ್ಲ ಎಲ್ಲರದು. ಪ್ರತಿಯೊಬ್ಬರಿಗೂ ಅದರಲ್ಲಿ ಇಷ್ಟು ಶೇಕಡಾ ಅಂತ ಪಾಲಿದೆ, ಆದರೆ ಆ ಪಾಲನ್ನು ಯಾರೂ ಒಡೆದು ಕೇಳುವಂತಿಲ್ಲ. ಕಟ್ಟಡ ಈ ಕಾಯ್ದೆಯ ಕೆಳಗೆ ಇರುವಷ್ಟು ಕಾಲ, ಸಾಮಾನ್ಯ ಜಾಗವನ್ನು ವಿಭಾಗ ಮಾಡಿಕೊಡಿ ಅಂತ ದಾವೆ ಹಾಕುವುದಕ್ಕೂ ಅವಕಾಶವಿಲ್ಲ.

ಇದನ್ನು ಹೇಳಿದಾಗ ಅಮ್ಮನ ಮುಖ ಅರಳಿದ್ದು ಈಗಲೂ ನೆನಪಿದೆ. "ಪಾಲು ಕೇಳೋ ಹಂಗೇ ಇಲ್ವಾ? ಇಂಥದ್ದೊಂದು ಕಾನೂನು ನಮ್ಮನೆಗೂ ಇರ್ಬೇಕಿತ್ತು ಕಣೇ."

ಹಾಗೆ, ಒಂದು ಮನೆಯನ್ನು ಮೂರು ಪಾಲು ಮಾಡಿ ಎದ್ದು ಬಂದವರು ನಾವು, ಹದಿನೆಂಟು ಮನೆಯ ಅವಿಭಕ್ತ ಕುಟುಂಬದೊಳಗೆ ಬಂದು ಬಿದ್ದೆವು. ಇಲ್ಲಿ ಯಜಮಾನನ ಜಾಗದಲ್ಲಿ ಬೈಲಾ, ಅಂದರೆ ಸಂಘದ ನಿಯಮಾವಳಿ, ಇದೆ.

ಆ ಬೈಲಾ ಒಂದು ತಮಾಷೆಯ ಪುಸ್ತಕ. 41 ಪುಟ, ಪೂರ್ತಿ ಇಂಗ್ಲಿಷು. ಬಿಲ್ಡರ್ ಯಾವುದೋ ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟಿನದನ್ನು ಹಾಗೇ ಎತ್ತಿ ಹೆಸರು ಬದಲಿಸಿ ಕೊಟ್ಟಿದ್ದಾರೆ. ಈಜುಕೊಳಕ್ಕೆ ಇಳಿಯುವ ಮುಂಚೆ ಸ್ನಾನ ಮಾಡಬೇಕು ಎಂಬ ನಿಯಮ ಇದೆ. ನಮ್ಮಲ್ಲಿ ನೀರು ತುಂಬಿರುವ ಜಾಗ ಅಂದರೆ ಸಂಪ್ ಒಂದೇ. ಕ್ಲಬ್‌ಹೌಸ್ ರಾತ್ರಿ ಹತ್ತಕ್ಕೆ ಮುಚ್ಚಬೇಕು ಎಂದಿದೆ. ಕ್ಲಬ್‌ಹೌಸ್ ಎಲ್ಲಿ ಅಂತ ಮೊದಲ ವರ್ಷ ಒಬ್ಬರು ನಿಜವಾಗಿಯೂ ಕೇಳಿದ್ದರು. ಆದರೆ ಸೊಪ್ಪು ಮಾರುವ ಹೆಂಗಸು ಒಳಗೆ ಬರಬಹುದಾ, ಗೃಹಪ್ರವೇಶದ ಹೋಮದ ಹೊಗೆ ಎಷ್ಟು ಹೊತ್ತು ಆಗಬಹುದು, ರಂಗೋಲಿ ಹೊಸಿಲಿಂದ ಎಷ್ಟು ದೂರ ಹೋಗಬಹುದು, ನಮ್ಮ ಜಗಳಕ್ಕೆ ಬೇಕಾದ ಇಂಥ ಒಂದು ಸಾಲೂ ಅದರಲ್ಲಿ ಇಲ್ಲ. ಅದನ್ನೆಲ್ಲ ನಾವೇ ಜಗಳ ಮಾಡಿ ಮಾಡಿ ಸೇರಿಸಿದ್ದು.

ಸಣ್ಣ ಜಗಳಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮೊದಲ ಮಹಡಿಯವರು "ನಾವು ಲಿಫ್ಟ್ ಹತ್ತೋದೇ ಇಲ್ಲ, ನಾವ್ಯಾಕೆ ದುಡ್ಡು ಕೊಡ್ಬೇಕು" ಎಂದರು. ಬಳಸುವುದಿಲ್ಲ ಅಂದ ಮಾತ್ರಕ್ಕೆ ಸಾಮಾನ್ಯ ಖರ್ಚಿನ ಪಾಲು ತಪ್ಪಿಸಿಕೊಳ್ಳುವಂತಿಲ್ಲ ಎಂದು ಅದೇ 1972ರ ಕಾಯ್ದೆಯಲ್ಲಿದೆ. ತೋರಿಸಿದೆವು. ಒಂದು ವರ್ಷ ಮುಖ ತಿರುಗಿಸಿ ಓಡಾಡಿ, ಆಮೇಲೆ ಕೊಟ್ಟರು. 104ರ ನಾಯಿ ಲಿಫ್ಟಿನಲ್ಲಿ ಬರಬಾರದು ಅಂತ ಒಂದು ಅರ್ಜಿ ಬಂತು. ಸಾಕುಪ್ರಾಣಿ ಇಟ್ಟುಕೊಳ್ಳಬೇಡಿ, ಲಿಫ್ಟ್ ಬಳಸಬೇಡಿ ಎಂದು ಸಂಘಗಳು ಹೇಳುವಂತಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸೂಚನೆ ಕೊಟ್ಟಿದೆ. ಅರ್ಜಿ ಬಿತ್ತು. ನಾಯಿ ಈಗ ಎಲ್ಲರಿಗಿಂತ ಶಿಸ್ತಾಗಿ ಲಿಫ್ಟಿನಲ್ಲಿ ಓಡಾಡುತ್ತದೆ.

ಬಟ್ಟೆಯದು ಮಾತ್ರ ಬೇಗ ಮುಗಿಯುವ ಜಗಳವಲ್ಲ.

ಬಾಲ್ಕನಿಯ ಕಂಬಿ ಮೇಲೆ ಬಟ್ಟೆ ಹಾಕಬಾರದು ಎಂಬುದು ಬೈಲಾದ ಹಳೆ ನಿಯಮ. ಕಟ್ಟಡದ ಅಂದ ಕೆಡುತ್ತದಂತೆ. ಬಯಲುಸೀಮೆಯವರು ಇದನ್ನು ಓದಿ ಸುಮ್ಮನಾಗಬಹುದು. ಮಲೆನಾಡಿನ ಅಂಚಿನಲ್ಲಿ, ಜುಲೈ ತಿಂಗಳಲ್ಲಿ, ಇದು ಎಂಥ ನಿಯಮ ಅಂತ ಇಲ್ಲಿರುವವರಿಗೇ ಗೊತ್ತು. ವಾರಗಟ್ಟಲೆ ಬಿಸಿಲು ಇರುವುದಿಲ್ಲ. ತೋಟದ ಮನೆಯಲ್ಲಿ ಬಚ್ಚಲು ಒಲೆಯ ಮೇಲೆ ಬಿದಿರಿನ ಗಳ ಕಟ್ಟಿರುತ್ತಿದ್ದರು. ಒದ್ದೆ ಬಟ್ಟೆ ಅದರ ಮೇಲೆ. ಕೆಳಗೆ ಹಂಡೆ ಕಾಯುತ್ತಾ ಇದ್ದರೆ ಮೇಲೆ ಬಟ್ಟೆ ಒಣಗುತ್ತಾ ಇರುತ್ತಿತ್ತು. ನಾನು ಹಾಸ್ಟೆಲಿಗೆ ಹೋದಾಗ ನನ್ನ ಯೂನಿಫಾರ್ಮಿನ ಹೊಗೆ ವಾಸನೆ ಹಿಡಿದೇ "ನೀನು ಘಟ್ಟದ ಕಡೆಯವಳಾ?" ಎಂದು ಕೇಳುತ್ತಿದ್ದರು. ಫ್ಲಾಟಿನಲ್ಲಿ ಒಲೆ ಇಲ್ಲ, ಗಳ ಇಲ್ಲ. ಹಾಲ್‌ನಲ್ಲಿ ಹಗ್ಗ ಕಟ್ಟಿ, ಫ್ಯಾನ್ ಹಾಕಿ, ಮೂರು ದಿನ ಕಾದರೂ ಸೀರೆಯ ಅಂಚು ತಣ್ಣಗೆ ಕೈಗೆ ತಾಗುತ್ತದೆ. ಮುಗ್ಗಲು ವಾಸನೆ ಬೇರೆ. ಬಾಲ್ಕನಿಯಲ್ಲಿ ಗಾಳಿಯಾದರೂ ಆಡುತ್ತದೆ, ಆದರೆ ಅಂದ ಕೆಡುತ್ತದೆ. ಯಾರ ಕಣ್ಣಿಗೆ ಕೆಡುತ್ತದೆ ಅಂತ ಒಮ್ಮೆ ಬಗ್ಗಿ ನೋಡಿದೆ. ಎದುರಿಗೆ ಒಂದು ಖಾಲಿ ಸೈಟು, ಅದರಲ್ಲಿ ಎರಡು ಎಮ್ಮೆ.

ಟೆಕ್ಸಾಸಿನಲ್ಲಿರುವ ತಮ್ಮನ ಮಗಳಿಗೆ ಫೋನಿನಲ್ಲಿ ಇದನ್ನು ಹೇಳಿ ಗೋಳಾಡಿದೆ. ಅವಳು ನಕ್ಕಳು. "ಅತ್ತೆ, ನಮ್ದು ಕೇಳಿ" ಅಂತ ಶುರು ಮಾಡಿದಳು. ಅವಳದು ಫ್ಲಾಟ್ ಅಲ್ಲ, ಬೇರೆಯಾಗಿ ನಿಂತಿರುವ ಸ್ವಂತ ಮನೆ, ಮುಂದೆ ಹುಲ್ಲು, ಹಿಂದೆ ಅಂಗಳ. ಆದರೂ ಸಂಘ ಇದೆ. ಮನೆಗೆ ಯಾವ ಬಣ್ಣ ಬಳಿಯಬೇಕು, ಬೇಲಿ ಎಷ್ಟು ಎತ್ತರ, ಹುಲ್ಲು ಎಷ್ಟು ಉದ್ದ, ಎಲ್ಲಕ್ಕೂ ಅವರ ಒಪ್ಪಿಗೆ. ಕಸದ ಡಬ್ಬಿ ರಸ್ತೆಗೆ ಕಾಣುವಂತೆ ಇಟ್ಟಿದ್ದಕ್ಕೆ ಡಬ್ಬಿಯ ಫೋಟೊ ಸಮೇತ ಪತ್ರ ಬಂದಿತ್ತಂತೆ. ಅಲ್ಲಿ ಈ ನಿಯಮಗಳು ಜಾಗಕ್ಕೇ ಅಂಟಿಕೊಂಡಿರುತ್ತವೆ. ಮನೆ ಕೊಂಡರೆ ನಿಯಮವನ್ನೂ ಕೊಂಡ ಹಾಗೆ. ಸಂಘದ ಬಾಕಿ ಕಟ್ಟದೆ ಹೋದರೆ ಎಷ್ಟೋ ರಾಜ್ಯಗಳಲ್ಲಿ ಮನೆಯನ್ನೇ ಹರಾಜಿಗೆ ತರಬಹುದು. ಟೆಕ್ಸಾಸಿನಲ್ಲೂ ಹಾಗೇ.

ಅಲ್ಲಿಯೂ ಬಟ್ಟೆಯ ಜಗಳ ಇದೆ ಅಂತ ಗೊತ್ತಾದಾಗ ನನಗೆ ಯಾಕೋ ಸಮಾಧಾನವಾಯಿತು. ಹಿತ್ತಲಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಗಿಸಬಾರದು, ಮೆಷಿನ್ನಿನಲ್ಲೇ ಒಣಗಿಸಿ ಅನ್ನುವ ಸಂಘಗಳು ಬೇಕಾದಷ್ಟಿವೆ. ಅದಕ್ಕೆ ಎದುರಾಗಿ ಫ್ಲಾರಿಡಾ, ವರ್ಮಾಂಟ್‌ನಂಥ ರಾಜ್ಯಗಳು ಹಗ್ಗ ಕಟ್ಟುವ ಹಕ್ಕನ್ನು ಕಾಪಾಡಲು ಕಾನೂನು ಮಾಡಿವೆ. ತಮ್ಮ ದೇಶದ ಬಾವುಟ ಹಾರಿಸುವುದನ್ನು ಸಂಘಗಳು ತಡೆಯಬಾರದು ಅಂತ 2006ರಲ್ಲಿ ಇಡೀ ದೇಶಕ್ಕೇ ಒಂದು ಕಾನೂನು ಬೇಕಾಯಿತು. ಅಂದರೆ ಅದನ್ನೂ ಬೇಡ ಎಂದವರು ಇದ್ದರು ಅಂತಾಯಿತಲ್ಲ!

ಆದರೆ ಅವಳು ಹೇಳಿದ ಇನ್ನೊಂದು ವಿಷಯ ನಗುವಂಥದ್ದಲ್ಲ. ಅಲ್ಲಿನ ಹಳೆ ಬಡಾವಣೆಗಳ ಪತ್ರಗಳಲ್ಲಿ ಹುಲ್ಲು ಬೇಲಿಗಳ ನಿಯಮದ ಜೊತೆಗೇ ಇನ್ನೊಂದು ಸಾಲು ಇರುತ್ತಿತ್ತು. ಈ ಮನೆಯನ್ನು ಕಪ್ಪು ಜನರಿಗೆ ಮಾರಬಾರದು ಎಂಬ ಸಾಲು. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಇಂಥ ಕರಾರನ್ನು ಯಾವ ಕೋರ್ಟೂ ಜಾರಿ ಮಾಡಿಸುವಂತಿಲ್ಲ ಎಂದಿತು. ಈಗ ಅದಕ್ಕೆ ಬೆಲೆಯಿಲ್ಲ. ಆದರೂ ಎಷ್ಟೋ ಹಳೆ ಪತ್ರಗಳಲ್ಲಿ ಆ ಸಾಲು ಹಾಗೇ ಕೂತಿದೆ.

ನಮ್ಮಲ್ಲಿ ಅಂಥದ್ದಿಲ್ಲ ಅಂತ ಹೇಳಲು ಬಾಯಿ ತೆರೆದವಳು ಸುಮ್ಮನಾದೆ. ಅಹಮದಾಬಾದಿನ ಒಂದು ಪಾರ್ಸಿ ಗೃಹ ನಿರ್ಮಾಣ ಸಹಕಾರ ಸಂಘದ ಕೇಸಿನಲ್ಲಿ, ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂಬ ಬೈಲಾವನ್ನು ನಮ್ಮ ಸುಪ್ರೀಂ ಕೋರ್ಟು 2005ರಲ್ಲಿ ಎತ್ತಿಹಿಡಿದಿದೆ. ಅವರದು ಸಣ್ಣ ಸಮುದಾಯ, ಅವರ ಕಾರಣ ಬೇರೆ ಅಂತ ವಾದಿಸಬಹುದು. ನಮ್ಮ ಹದಿನೆಂಟು ಮನೆಯದಕ್ಕೆ ಯಾವ ಕಾರಣ ಕೊಡುವುದು?

ಅದು ಹೀಗಾಯಿತು. ಒಂದು ಮೀಟಿಂಗಿನಲ್ಲಿ ಒಬ್ಬರು ಎದ್ದು, ಇನ್ನು ಮುಂದೆ ಬಾಡಿಗೆಗೆ ಸಸ್ಯಾಹಾರಿಗಳನ್ನು ಮಾತ್ರ ತಗೊಳ್ಳೋಣ ಎಂದರು. ಮಳೆಗಾಲದಲ್ಲಿ ಮೆಟ್ಟಿಲ ಹತ್ತಿರ ಒಣಮೀನಿನ ವಾಸನೆ ಬರುತ್ತಿದೆ, ಕಾಲೇಜು ಹುಡುಗರು ಮಾಡುತ್ತಾರೆ ಅಂತ ಅವರ ದೂರು. ಆ ವಾಸನೆ ಹುಡುಗರದ್ದಲ್ಲ, ನಮ್ಮದು. ಜಡಿಮಳೆಯಲ್ಲಿ ಒಣಮೀನು ಸುಟ್ಟು, ಗಂಜಿ ಜೊತೆ ತಿನ್ನದಿದ್ದರೆ ಅಮ್ಮನಿಗೆ ಮಳೆಗಾಲವೇ ಬಂದ ಹಾಗಲ್ಲ. ಎದ್ದು ನಿಂತು ಹೇಳಿದೆ. "ಅದು ನಮ್ಮನೆ ವಾಸನೆ."

ಅವರು ಬೆಣ್ಣೆಯಂಥ ದನಿಯಲ್ಲಿ ಹೇಳಿದರು. "ಅಯ್ಯೋ ಮೇಡಂ, ನಿಮಗೆ ಹೇಳಿದ್ದಲ್ಲ. ನೀವು ಓನರ್ ಅಲ್ವಾ? ಬಾಡಿಗೆಯವರಿಗೆ ಅಂದಿದ್ದು."

ಆ ಮಾತು ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು. ಕೊನೆಗೆ ಆ ನಿಯಮ ಬಿದ್ದುಹೋಯಿತು. ನನ್ನ ಮಾತಿನಿಂದಲ್ಲ. ಎರಡು ಫ್ಲಾಟು ಬಾಡಿಗೆಗೆ ಕೊಟ್ಟಿರುವವರು, ಹಾಗೆ ಮಾಡಿದರೆ ಮನೆ ಖಾಲಿ ಬೀಳುತ್ತೆ ಎಂದರು. ಅಲ್ಲಿ ಗೆದ್ದದ್ದು ಬಾಡಿಗೆ.

ಇಷ್ಟು ಹೇಳಿದ ಮೇಲೆ ನನ್ನ ಬಣ್ಣವನ್ನೂ ಬಯಲು ಮಾಡಬೇಕು. 305ರ ಮಾಲೀಕರು ಬೆಂಗಳೂರಿನಲ್ಲಿದ್ದಾರೆ. ಎರಡು ವರ್ಷದ ಹಿಂದೆ ಆ ಫ್ಲಾಟನ್ನು ಆನ್‌ಲೈನಿನಲ್ಲಿ ದಿನದ ಬಾಡಿಗೆಗೆ ಬಿಟ್ಟರು. ಚಿಕ್ಕಮಗಳೂರಲ್ಲಿ ಈಗ ತೋಟದ ಮನೆ, ಔಟ್‌ಹೌಸು, ಯಾವುದಕ್ಕೂ ಹೋಂಸ್ಟೇ ಬೋರ್ಡು ಬೀಳುತ್ತದೆ, ಫ್ಲಾಟು ಯಾವ ಲೆಕ್ಕ. ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಒಂದು ಗುಂಪು, ಶನಿವಾರ ಇನ್ನೊಂದು. ನಡುರಾತ್ರಿವರೆಗೆ ಸ್ಪೀಕರು. ಬೆಳಗಿನ ಜಾವ ನಾಲ್ಕಕ್ಕೆ ಮುಳ್ಳಯ್ಯನಗಿರಿಯ ಸೂರ್ಯೋದಯ ನೋಡಲು ಬಾಗಿಲು ಬಡಿದುಕೊಂಡು ಹೊರಡುವುದು. ಬೆಟ್ಟ 1,930 ಮೀಟರ್ ಎತ್ತರ ಇರಬಹುದು, ಅದನ್ನು ನೋಡಲು ನಮ್ಮ ನಿದ್ದೆಯ ಮೇಲೆ ಕಾಲಿಟ್ಟು ಹತ್ತಬೇಕಾ? ಏಪ್ರಿಲ್ ತಿಂಗಳಲ್ಲಿ ಊರಿಗೆ ನೀರು ಕೊಡುವ ಹಿರೇಕೊಳಲೆ ಕೆರೆಯ ಮಟ್ಟ ಇಳಿದು, ನಲ್ಲಿ ನೀರಿಗೆ ನಾವು ಕಾಯುತ್ತಾ ಕೂತಿದ್ದರೆ, 305ರಲ್ಲಿ ಎಂಟು ಜನ ಸ್ನಾನ ಮಾಡಿ ಸಂಪ್ ಖಾಲಿ ಮಾಡುತ್ತಿದ್ದರು.

ಆಗ ನಾನೇ ಲ್ಯಾಪ್‌ಟಾಪ್ ತೆಗೆದು ನಿಯಮ ಬರೆದೆ. ಮೂವತ್ತು ದಿನಕ್ಕಿಂತ ಕಮ್ಮಿ ಬಾಡಿಗೆ ಕೂಡದು. ಬಂದವರ ಗುರುತಿನ ಚೀಟಿ ಗೇಟಿನಲ್ಲಿ ಕೊಡಬೇಕು. ತಪ್ಪಿದರೆ ಐದು ಸಾವಿರ ದಂಡ. ಬರೆಯುವಾಗ ಎಂಥ ಸುಖ ಅಂತೀರಿ! "ಕೂಡದು", "ತಪ್ಪಿದಲ್ಲಿ", "ವಿಧಿಸಲಾಗುವುದು". ಕೈ ತಾನಾಗೇ ಓಡುತ್ತಿತ್ತು. ಅಮ್ಮ ಪಕ್ಕದಲ್ಲಿ ಕೂತು ಕೇಳಿಸಿಕೊಂಡಳು. "ಐನೂರು ಜಾಸ್ತಿ ಆಯ್ತು ಅಂತ ಅವತ್ತು ಕುಣಿದೋಳು, ಈಗ ಐದು ಸಾವಿರ ಬರೀತಿದೀಯಲ್ಲೇ?"

ಎರಡು ಸಾವಿರ ಮಾಡಿದೆ. ನಿಯಮ ಪಾಸಾಯಿತು. ಇದರ ಬಗ್ಗೆ ನನಗೆ ಪಶ್ಚಾತ್ತಾಪ ಏನೂ ಇಲ್ಲ.

ಮತ್ತೆ ತಾರಸಿಗೆ ಬರುತ್ತೇನೆ. ಮೆಣಸಿನ ನೋಟಿಸ್ ಬಂದ ತಿಂಗಳೇ ವಾರ್ಷಿಕ ಮೀಟಿಂಗ್ ಇತ್ತು. ಭಾನುವಾರ ಬೆಳಗ್ಗೆ, ಕೆಳಗಿನ ಪಾರ್ಕಿಂಗಿನಲ್ಲಿ, ಪ್ಲಾಸ್ಟಿಕ್ ಕುರ್ಚಿ, ಕೋಡುಬಳೆ, ಫ್ಲಾಸ್ಕಿನಲ್ಲಿ ಕಾಫಿ. ಅಮ್ಮ "ನಾನೂ ಬರ್ತೀನಿ" ಎಂದಳು. ಪತ್ರ ನನ್ನ ಹೆಸರಲ್ಲಿದೆ, ಅವಳಿಗೆ ಓಟಿಲ್ಲ. ಆದರೂ ಒಳ್ಳೆ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂತಳು.

ಮೇಷ್ಟ್ರ ವಾದ ಗಟ್ಟಿಯಾಗೇ ಇತ್ತು. ವಾಟರ್‌ಪ್ರೂಫಿಂಗ್ ಮಾಡಿಸಲು 1,80,000 ಖರ್ಚಾಗುತ್ತದೆ, ಮನೆಗೆ ಹತ್ತು ಸಾವಿರ. ಮಾಡಿಸಿದ ಮೇಲೆ ಅದರ ಮೇಲೆ ಯಾರೋ ಕೆದರಿ, ಎಳೆದು ಗೀರು ಬಿದ್ದರೆ ಮತ್ತೆ ಸೋರುತ್ತದೆ. "ಇವತ್ತು ಒಬ್ರಿಗೆ ಬಿಟ್ರೆ ನಾಳೆ ಎಲ್ರೂ ಬರ್ತಾರೆ" ಎಂದರು.

"ಬರ್ಲಿ ಬಿಡಿ ಮೇಷ್ಟ್ರೇ" ಎಂದಳು ಅಮ್ಮ. "ಎಲ್ರದ್ದು ಅಂದ್ಮೇಲೆ ಎಲ್ರೂ ಬರ್ಬೇಕಲ್ವಾ? ಎಲ್ರದ್ದು ಅಂತೀರಿ, ಆಮೇಲೆ ಯಾರೂ ಬರ್ಬೇಡಿ ಅಂತೀರಿ. ಅದೆಂಥ ಲೆಕ್ಕ?"

ಯಾರೂ ಮಾತಾಡಲಿಲ್ಲ. ಅವಳು ನಮ್ಮ ಹಳೆ ಕಣದ ಕಥೆ ಹೇಳಿದಳು. ಮೂರು ಮನೆ, ಒಂದು ಕಣ, ಸರದಿ. ಯಾರ ಸರದಿಯೋ ಅವರೇ ಸಗಣಿ ಹಾಕಿ ಸಾರಿಸಬೇಕು, ಅವರೇ ಗುಡಿಸಬೇಕು. ಮೋಡ ಕಂಡರೆ ಮಾತ್ರ ಸರದಿ ಗಿರದಿ ಇಲ್ಲ, ಮೂರು ಮನೆಯವರೂ ಓಡಿ ಬಂದು ಒಟ್ಟು ಮಾಡಬೇಕು.

ಒಂದು ಗಂಟೆ ಮಾತಾಯಿತು. ಪೈಪಿನ ಬಾಯಿಗೆ ಜಾಲರಿ ಹಾಕಿಸುವುದು. ಕೆಳಗೆ ಟಾರ್ಪಲ್ ಹಾಸದೆ ಏನೂ ಹರಡಬಾರದು. ಕಬ್ಬಿಣದ ಸಾಮಾನು ತರಬಾರದು. ಒಂದು ಮನೆಗೆ ಒಂದು ಸಲಕ್ಕೆ ಮೂರು ದಿನ, ಬೇರೆಯವರು ಕಾಯುತ್ತಿಲ್ಲದಿದ್ದರೆ ಇನ್ನೂ ಮೂರು. ತಾರಸಿ ಬಾಗಿಲಿಗೆ ಒಂದು ಪುಸ್ತಕ ನೇತು ಹಾಕುವುದು, ಅದರಲ್ಲಿ ತಾರೀಖು, ಮನೆ ನಂಬರು, ವಸ್ತು, ಷರಾ. ಹನ್ನೊಂದು ಕೈ ಪರ, ನಾಲ್ಕು ವಿರೋಧ. ಮೇಷ್ಟ್ರು ವಿರೋಧ. ಆದರೆ ಪುಸ್ತಕಕ್ಕೆ ಸ್ಕೇಲು ಹಿಡಿದು ಗೆರೆ ಹಾಕಿಕೊಟ್ಟವರು ಅವರೇ.

ಪುಸ್ತಕ ಬಂದ ಮೇಲೆ ರಾಮರಾಜ್ಯ ಬಂತು ಅಂದುಕೊಳ್ಳಬೇಡಿ. ಮೊದಲ ತಿಂಗಳೇ 106ರವರು ಮೇ ತಿಂಗಳ ಎಲ್ಲಾ ಭಾನುವಾರಕ್ಕೂ ತಮ್ಮ ನಂಬರು ಬರೆದುಬಿಟ್ಟರು. ವಾಟ್ಸಾಪ್ ಗ್ರೂಪಿನಲ್ಲಿ ಎರಡು ದಿನ ಯುದ್ಧ. ಒಂದು ವಾರಕ್ಕಿಂತ ಮುಂಚೆ ಬರೆಯಬಾರದು ಅಂತ ಇನ್ನೊಂದು ನಿಯಮ ಬಂತು. ಹಲಸಿನ ಹಪ್ಪಳಕ್ಕೆ ಕಾಗೆ ಬಂದಿದ್ದಕ್ಕೆ ಯಾರು ಹೊಣೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಬಾಲ್ಕನಿ ಬಟ್ಟೆಯದೂ ಹಾಗೇ ಇದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಡಿ ಅಂತ ಅರ್ಜಿ ಕೊಟ್ಟಿದ್ದೇನೆ, ಅದು ಫೈಲಿನಲ್ಲಿ ಒಣಗುತ್ತಿದೆ.

ಅಮ್ಮನ ಕಣದ ಕಥೆಯಲ್ಲಿ ಒಂದು ಮಾತು ಬಿಟ್ಟುಹೋಗಿತ್ತು. ಅವಳು ಬೇಕೆಂದು ಬಿಟ್ಟಳೋ, ಮರೆತಳೋ ಗೊತ್ತಿಲ್ಲ. ಆ ಕಣದಲ್ಲಿ ಮೂರು ಮನೆಗೆ ಸರದಿ ಇತ್ತು, ತೋಟದ ಲೈನ್ ಮನೆಗಳಲ್ಲಿದ್ದ ಕೂಲಿಯವರಿಗೆ ಇರಲಿಲ್ಲ. ಕಣ ಸಾರಿಸುತ್ತಿದ್ದವರು ಅವರು. ಕಾಫಿ ಕೆದರುತ್ತಿದ್ದವರು ಅವರು. ಮೋಡ ಕಂಡರೆ ಮೊದಲು ಓಡಿ ಬರುತ್ತಿದ್ದವರೂ ಅವರೇ. ಅವರು ಆಯ್ದು ತಂದ ನಾಲ್ಕು ಸೇರು ಮೆಣಸು ಮಾತ್ರ ರಸ್ತೆ ಬದಿಯಲ್ಲಿ ಗೋಣಿ ಮೇಲೆ ಒಣಗುತ್ತಿತ್ತು. ಅದನ್ನು ಯಾರೂ ಎಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯವೇ ಇರಲಿಲ್ಲ. ಬರೆದಿದ್ದರೆ ಯಾರಾದರೂ ಒಬ್ಬರು ಎದ್ದು ಇದೇನಿದು ಅಂತ ಕೇಳಬಹುದಿತ್ತೋ ಏನೋ. ನಮ್ಮ 41 ಪುಟದ ಬೈಲಾ ಎಷ್ಟೇ ಕೆಟ್ಟದಾಗಿರಲಿ, ಓದಿ ಜಗಳ ಆಡಬಹುದು.

ಇದನ್ನು ಒಂದು ರಾತ್ರಿ ಅಮ್ಮನ ಎದುರು ಹೇಳಿಯೇಬಿಟ್ಟೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಹೂಂ, ಇರ್ಲಿಲ್ಲ" ಎಂದಳು. ಅಷ್ಟೇ.

ನಮ್ಮ ವಾಚ್‌ಮನ್ ಹಾವೇರಿ ಕಡೆಯವರು. ಗೇಟಿನ ಪಕ್ಕದ ರೂಮಿನಲ್ಲಿ ಗಂಡ, ಹೆಂಡತಿ, ಒಂದು ಮಗು. ಈ ಕಟ್ಟಡದಲ್ಲಿ ಹಗಲು ರಾತ್ರಿ ಇರುವವರು ಅವರೇ, ಅವರ ಪಾಲು ಸೊನ್ನೆ. ಈ ಸಲ ಊರಿಂದ ಬರುವಾಗ ಬ್ಯಾಡಗಿ ಮೆಣಸಿನಕಾಯಿ ತಂದಿದ್ದರು, ಸ್ವಲ್ಪ ಹಸಿ ಇತ್ತು. ರೂಮಿನ ಮುಂದೆ ಬಿಸಿಲು ಬೀಳುವುದಿಲ್ಲ. ನಾನು ಸಂಜೆ ಬಂದು ತಾರಸಿ ಪುಸ್ತಕ ನೋಡಿದಾಗ ಅಮ್ಮನ ನಡುಗುವ ಅಕ್ಷರದಲ್ಲಿ ಒಂದು ಸಾಲಿತ್ತು. ಮನೆ ನಂಬರಿನ ಜಾಗದಲ್ಲಿ "ಕೆಳಗೆ". ವಸ್ತು, ಮೆಣಸಿನಕಾಯಿ. ಮೂರು ದಿನ. ಅದರ ಪಕ್ಕದಲ್ಲಿ, ಮನೆ ನಂಬರಿಗೆ ನೇರವಾಗಿ, ಕೆಂಪು ಶಾಯಿಯ ದೊಡ್ಡ ಪ್ರಶ್ನೆ ಚಿಹ್ನೆ. ಮೂವತ್ತು ವರ್ಷ ಪೇಪರ್ ತಿದ್ದಿದ ಕೈ ಅದು.

ಈ ಬಗ್ಗೆ ಮೇಷ್ಟ್ರ ಹತ್ತಿರ ಮಾತಾಡಬೇಕು ಅಂತ ಮನಸ್ಸಿನಲ್ಲೇ ಭಾಷಣ ಸಿದ್ಧ ಮಾಡಿಕೊಂಡೆ. 1972ರ ಕಾಯ್ದೆ, ಟೆಕ್ಸಾಸು, ಎಲ್ಲಾ ಇತ್ತು ಅದರಲ್ಲಿ. ಮಾರನೆಯ ದಿನ ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಗುಡುಗು ಕೇಳಿಸಿತು. ವರ್ಷದ ಮೊದಲ ಹೂಮಳೆ. ಅಮ್ಮ ಅವತ್ತು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಳು, ವಾಚ್‌ಮನ್ ಹೆಂಡತಿಯನ್ನೇ ಜೊತೆಗೆ ಕರೆದುಕೊಂಡು.

ಓಡಿ ಬಂದು ತಾರಸಿ ಹತ್ತಿದೆ. ಮೆಣಸಿನಕಾಯಿ ಮೇಲೆ ನೀಲಿ ಟಾರ್ಪಲ್ ಹೊದಿಸಿತ್ತು. ನಾಲ್ಕು ಮೂಲೆಗೆ ನಾಲ್ಕು ಹೂಕುಂಡ. ಮೂರನೇ ಮಹಡಿಯ ಓಣಿಯಲ್ಲಿ ಇಡಬಾರದು ಅಂತ ಸಂಘ ಎರಡು ಸಲ ನೋಟಿಸ್ ಕೊಟ್ಟಿದ್ದ, ಮೇಷ್ಟ್ರ ಮನೆಯವರ ಅದೇ ಕುಂಡಗಳು.

ಪುಸ್ತಕ ತೆಗೆದೆ. ಷರಾ ಎಂಬ ಜಾಗದಲ್ಲಿ ಕೆಂಪು ಶಾಯಿಯಲ್ಲಿ ದುಂಡಗೆ ಬರೆದಿತ್ತು. "ಮ. 3.20ಕ್ಕೆ ಮಳೆ. ಮುಚ್ಚಲಾಗಿದೆ. ಟಾರ್ಪಲ್ 303ಕ್ಕೆ ಸೇರಿದ್ದು." ಪ್ರಶ್ನೆ ಚಿಹ್ನೆಯನ್ನು ಅಳಿಸಿರಲಿಲ್ಲ.

ಆ ಟಾರ್ಪಲನ್ನು ವಾಪಸ್ ಕೊಡಲು ನಾನು ಎರಡು ಸಲ ಹೋದೆ. "ಇರ್ಲಿ, ಅಲ್ಲೇ ಇರ್ಲಿ, ಇನ್ನೂ ಮಳೆ ಇದೆ" ಎಂದರು ಮೇಷ್ಟ್ರು. ಈಗಲೂ ತಾರಸಿಯ ಮೂಲೆಯಲ್ಲಿ ಮಡಚಿ ಇಟ್ಟಿದೆ. ತಾರಸಿಯಲ್ಲಿ ಏನನ್ನೂ ಶೇಖರಿಸಬಾರದು ಎಂಬ ನಿಯಮವನ್ನು ಯಾರೂ ತೆಗೆದಿಲ್ಲ.